ಉದ್ಯೋಗದ ಖಾನೆ

ಜೊಂಗುಲ್ದಾಕ್ ಆಸ್ಪತ್ರೆಯ ಹಿಂದಿನ ಗೇಟಿನಲ್ಲಿ
ಒಂದು ಡೇರೆ. ಡೇರೆಯೊಳಗೆ ಮೇಜು, ನಾನು,
ಕಪ್ಪು ಸಮುದ್ರದ ಗಾಳಿಗೆ ಹಾರದಂತೆ
ಕಲ್ಲಿದ್ದಲ ಚೂರೊಂದನ್ನು ತಲೆಯ ಮೇಲೆ ಹೊತ್ತ
ನಮೂನೆಗಳ ಕಟ್ಟು.

ಪಾಸಿಟಿವ್ ಬಂದವರೆಲ್ಲ ಮೊದಲು ಇಲ್ಲಿಗೆ.
ಯಾರು ಮನೆಗೆ, ಯಾರು ವಾರ್ಡಿಗೆ, ಯಾರು ಮೂರನೆಯ ಮಹಡಿಗೆ
ಹತ್ತು ನಿಮಿಷದಲ್ಲಿ ಕೂಡಿ ಹೇಳಬೇಕು ನಾನು,
ಶಾಲೆಯಲ್ಲಿ ಲೆಕ್ಕಕ್ಕೆ ಹೆದರಿ ನರ್ಸಾದವಳು.

ಹೆಸರು?
ಸತಿಲ್ಮಿಶ್.
ಹಳೆಯ ಹೆಸರು ನಮ್ಮ ಕಡೆ. ಅರ್ಥ: ಮಾರಿಯಾಗಿದೆ.
ಹುಟ್ಟಿದವು ಹುಟ್ಟಿದಂತೆ ಮಣ್ಣು ಸೇರಿದರೆ
ಮುಂದಿನದನ್ನು ತಾಯಿ ನೆರೆಯವಳಿಗೆ
ಹಿಡಿ ಮೆಕ್ಕೆಜೋಳಕ್ಕೆ ಮಾರಿ, ಮತ್ತೆ ಎತ್ತಿಕೊಳ್ಳುತ್ತಾಳೆ.
ಸಾವು ಬಂದು ಕೇಳಿದರೆ ಕೂಸು ನಮ್ಮದಲ್ಲ.
ಒಮ್ಮೆ ಮಾರಿದ್ದನ್ನು ಮಾರಿಯೂ ಮುಟ್ಟುವುದಿಲ್ಲ.

ವಯಸ್ಸು? ಅರವತ್ತೆಂಟು.
ಸಕ್ಕರೆ? ಚಹಾಕ್ಕೆ ಎರಡು ತುಂಡು, ಎಂದು ನಕ್ಕ.
ರಕ್ತದಲ್ಲಿ, ಅಜ್ಜ.
ಅಲ್ಲೂ ಇದೆಯಂತೆ, ಹನ್ನೊಂದು ವರ್ಷದಿಂದ.
ಬಿಪಿ ಮಾತ್ರೆ ಮುಗಿದದ್ದು ಹಬ್ಬಕ್ಕೆ ಮುಂಚೆ.
ಸಿಗರೇಟು?
ಗಣಿಯೊಳಗೆ ಎಂದೂ ಇಲ್ಲ, ಅಲ್ಲಿ ಕಡ್ಡಿ ಗೀರಿದವನು
ನೂರು ಮನೆಯ ಒಲೆ ಆರಿಸಿದವನು.
ಹೊರಗೆ?
ಹೊರಗೆ ಬಂದ ಕೂಡಲೇ.

ಉದ್ಯೋಗದ ಖಾನೆ ಬೆರಳುದ್ದ.
ಕೊಜ್ಲು ಗಣಿ, ಇಪ್ಪತ್ತೇಳು ವರ್ಷ, ಸಮುದ್ರತಳಕ್ಕೂ ಕೆಳಗೆ
ಎಂದು ಬರೆದರೆ ಅಕ್ಷರಗಳು ಗೆರೆ ದಾಟಿ
‘ಅಲರ್ಜಿ ಇದೆಯೇ’ ಎಂಬಲ್ಲಿ ಹೋಗಿ ಬಿದ್ದವು.
ಅದಕ್ಕೆ ಅಂಕವಿಲ್ಲ.
ಎಕ್ಸ್‌ರೇಯಲ್ಲಿ ಹೊಸ ಬಿಳಿ ಯಾವುದು, ಹಳೆಯ ಬಿಳಿ ಯಾವುದು
ಹೇಳಲಾರದೆ ಡಾಕ್ಟರ್ ತೆವ್‌ಫಿಕ್ ಕನ್ನಡಕ ಒರೆಸಿಕೊಂಡರು.
ಕರಿಧೂಳು ಕುಡಿದ ಎದೆ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ.
ಕಲಿತ ವಿದ್ಯೆಯಲ್ಲಿ ನನಗೆ ಇಂದಿಗೂ ಒಗ್ಗದ್ದು ಇದೊಂದು.

ಬೆರಳಿಗೆ ಕ್ಲಿಪ್ಪು. ತೊಂಬತ್ತೊಂದು.
‘ಒಟ್ಟು ಎಷ್ಟು ಬಂತು ಮಾರ್ಕು? ಪಾಸೋ?’
ಈ ಪರೀಕ್ಷೆಯಲ್ಲಿ ಹೆಚ್ಚು ತೆಗೆದವನೇ ಫೇಲು.
ವೈರಸ್ಸು ಬಂದದ್ದು ಗುರುವಾರ ಇರಬಹುದು,
ಬಾಗಿಲ ತಿರುಪನ್ನು ಒಂದೊಂದೇ ಸಡಿಲಿಸುತ್ತ
ಎಪ್ಪತ್ನಾಲ್ಕರಿಂದಲೇ ಯಾರೋ ಕೂತಿದ್ದರು.
ವಾರ್ಡು, ಎಂದು ಬರೆದೆ.

ಜೊತೆಗೆ ಬಂದವಳು ಹವ್ವಾ. ಅವಳದೂ ಪಾಸಿಟಿವ್.
ಕಂಕುಳಲ್ಲಿ ಅವನ ಪೈಜಾಮ, ಉಣ್ಣೆಯ ಕಾಲುಚೀಲ.
ಕೆಮ್ಮಿಲ್ಲ, ಜ್ವರವಿಲ್ಲ, ಸಕ್ಕರೆಯಿಲ್ಲ,
ಸಿಗರೇಟಿನ ಮಾತೆತ್ತಿದ್ದಕ್ಕೇ ಮುನಿಸು.
ಉದ್ಯೋಗ: ಮನೆಗೆಲಸ. ಖಾನೆಯಲ್ಲಿ ಜಾಗ ಮಿಕ್ಕಿತು.
‘ಮನೆಗೆ’ ಎಂದು ಬರೆದು
ಸುಮ್ಮನೆ, ಕೈ ರೂಢಿಗೆ, ಅವಳ ಬೆರಳಿಗೂ ಹಾಕಿದೆ.

ಎಂಬತ್ತೆರಡು.

ಕ್ಲಿಪ್ಪು ಕೆಟ್ಟಿತೆಂದು ನನ್ನ ಬೆರಳಿಗೆ: ತೊಂಬತ್ತೆಂಟು.
ಮತ್ತೆ ಅವಳಿಗೆ: ಎಂಬತ್ತೊಂದು.
ನೆಟ್ಟಗೆ ನಿಂತಿದ್ದಾಳೆ. ಹೇಳುತ್ತಿದ್ದಾಳೆ:
ಅವನಿಗೆ ರಾತ್ರಿ ಎರಡು ದಿಂಬು ಬೇಕು, ಮಗಳೇ,
ಸೂಪಿಗೆ ಉಪ್ಪು ಕಡಿಮೆ.
ನಾನು ಅವಳ ಮಾತು ಬಿಟ್ಟು ಉಸಿರು ಎಣಿಸುತ್ತಿದ್ದೆ.
ಅರ್ಧ ನಿಮಿಷಕ್ಕೆ ಹದಿನಾರು.

‘ಬಟ್ಟೆ’ ಎಂದ ಸತಿಲ್ಮಿಶ್, ಗಾಲಿಕುರ್ಚಿಯಿಂದ.
ಯಾರ ಬಟ್ಟೆ?
‘ನನ್ನವು. ಒಗೆಯುವ ಮುಂಚೆ ಕೊಡವುತ್ತಿದ್ದಳು,
ಅಡುಗೆಮನೆ ಬಾಗಿಲಲ್ಲಿ, ದಿನಾ.
ಮೂಗುಬಾಯಿಗೆ ಅರಿವೆ ಕಟ್ಟಿಕೋ ಅಂತ
ಆಗ ಯಾರು ಹೇಳಿದ್ದರು ಅವಳಿಗೆ?’

ನಾನು ‘ಮನೆಗೆ’ ಎಂಬುದನ್ನು ಹೊಡೆದುಹಾಕಿದೆ.
ಮನೆಗೆಲಸದ ಪಕ್ಕ ಮಿಕ್ಕ ಜಾಗದ ಮೇಲೆ
ಪೆನ್ನು ಸ್ವಲ್ಪ ಹೊತ್ತು ನಿಂತಿತು.

ಮೂರನೆಯ ಮಹಡಿಯ ಲಿಫ್ಟು ಬಂದಾಗ
ಅವನು ಕುರ್ಚಿಯ ಕೈ ಹಿಡಿದು ಅರ್ಧ ಎದ್ದ:
‘ಏನೋ ಅದಲುಬದಲಾಗಿದೆ, ಸರಿಯಾಗಿ ನೋಡಮ್ಮ.
ಮಾರಿದ್ದು ನನ್ನನ್ನಲ್ಲವೇ?’

ಪೈಜಾಮ ಮೇಜಿನ ಮೇಲೆಯೇ ಉಳಿಯಿತು.
ಯಾವ ವಾರ್ಡಿಗೆ ಕಳಿಸಬೇಕೆಂದು ತಿಳಿದಿದ್ದರೂ
ಸಂಜೆಯವರೆಗೆ ಅದನ್ನು ಯಾರಿಗೂ ಕೊಡಲಿಲ್ಲ ನಾನು.