ಕೆಳದವಡೆ

ಬ್ಯೂಮಾರಿಸ್‌ನ ದಿಬ್ಬದ ಕೆಳಗೆ ಬೆಳಗಿನ ಆರೂವರೆ.
ಉಂಡವರು ಎದ್ದುಹೋದ ಪಂಕ್ತಿಯ ಹಾಗೆ
ನೀರು ಸರಿದ ಜಾಗವೆಲ್ಲ ಚೆಲ್ಲಾಪಿಲ್ಲಿ:
ಪಾಚಿ, ಚಿಪ್ಪು, ತುಕ್ಕಿನ ಬಣ್ಣದ ಕಲ್ಲು.

ಲೆಫ್ಟೆರಿಸ್‌ನ ಕಾನೂನು ಒಂದೇ:
ಇಳಿತದಲ್ಲಿ ಹಲ್ಲು, ಉಬ್ಬರದಲ್ಲಿ ಮೀನು.
ಬಕೆಟ್ಟಿನ ಒಂದು ಪಕ್ಕ ಮರುವಾಯಿ, ಗಾಳಕ್ಕೆ.
ಇನ್ನೊಂದು ಪಕ್ಕ ಮೊಟ್ಟೆಯ ಹಳೇ ರಟ್ಟಿನ ಪೆಟ್ಟಿಗೆ,
ಐವತ್ತು ಲಕ್ಷ ವರ್ಷಕ್ಕೆ.

ನಾನು ಅವನ ಹಲ್ಲಿನವಳು. ಅಂದರೆ
ಚೆಲ್ಟನ್‌ಹ್ಯಾಮ್‌ನ ಲ್ಯಾಬಿನಲ್ಲಿ ಹಲ್ಲಿನ ಸೆಟ್ಟು ಕಟ್ಟುವವಳು.
ಅವನ ಮೇಲ್ದವಡೆ, ಕೆಳದವಡೆ ಎರಡೂ
ನನ್ನ ಕೈಯಲ್ಲೇ ಮೇಣವಾಗಿ, ಅಚ್ಚಾಗಿ, ಬೆಂದು ಹೊಳಪು ಕಂಡದ್ದು.
ಬಣ್ಣ ಎ-ಮೂರು, ಅರ್ಧ ಶತಮಾನ ಕಾಫಿ ಕುಡಿದವರದ್ದು.
‘ಬಾ, ನಿಜವಾದ ಹಲ್ಲು ತೋರಿಸ್ತೇನೆ’
ಅಂದಿದ್ದ, ಬಿಲ್ಲು ನೋಡಿ.

ದಿಬ್ಬ ಕೆತ್ತಬಾರದು. ತಾನಾಗಿ ಉದುರಿದ್ದನ್ನಷ್ಟೇ ಹೆಕ್ಕಬೇಕು.
ಬಿದ್ದ ಮೂಗುತಿ ಹುಡುಕುವ ಮನೆಮಂದಿಯ ಹಾಗೆ
ಬೆನ್ನು ಬಗ್ಗಿಸಿ ನಡೆದೆವು.
ಮೊದಲು ಕಡಲ ಮುಳ್ಳುಚೆಂಡು, ಮುಳ್ಳು ಕಳೆದು ಕಲ್ಲಾದದ್ದು;
ನೆತ್ತಿಯ ಮೇಲೆ ಐದೆಸಳು,
ಯಾರೋ ರಂಗೋಲಿ ಶುರುಮಾಡಿ ಒಳಗೆ ಹೋದ ಹಾಗೆ.

ಆಮೇಲೆ ಅದು.
ಹೆಬ್ಬೆಟ್ಟಿನಷ್ಟು, ಬೆಲ್ಲದ ಕಂದು, ಅಂಚಿನಲ್ಲಿ ಇನ್ನೂ ಗರಗಸ.
ತಾಟೆಯ ಹಲ್ಲು.
ಕೋಡಿಯಲ್ಲಿ ಬಾಣಂತಿಗೆ ಹಾಲು ಬರಲೆಂದು
ಸುಕ್ಕ ಮಾಡುವ ತಾಟೆ ಅಲ್ಲ.
ಬಾಣಂತಿಯನ್ನೇ ತೊಟ್ಟಿಲು ಸಮೇತ ನುಂಗುವ ತಾಟೆ.

ಮನಸ್ಸಲ್ಲೇ ಬಣ್ಣ ಹೋಲಿಸಿದೆ. ನಮ್ಮ ಹದಿನಾರರ ಪಟ್ಟಿಯಲ್ಲಿ
ಇಂಥದ್ದೊಂದು ಇಲ್ಲ.
ಅಮ್ಮ ಕಿವಿರು ಎತ್ತಿ ನೋಡಿ ಹೇಳುತ್ತಿದ್ದಳು:
ಇದು ಬೆಳಗಿನದು, ಇದು ನಿನ್ನೆಯದು, ಇದು ಮಂಜುಗಡ್ಡೆಯದು.
ಇದಕ್ಕೆ ಕಿವಿರಿಲ್ಲ.
ಅಮ್ಮನೂ ಇಲ್ಲ.

ಎಂಟಕ್ಕೆ ನೀರು ತಿರುಗಿತು.
ತಗಡಿನ ದೋಣಿ, ಎಂಜಿನ್ನಿಗೂ ಯಜಮಾನನಿಗೂ ಒಂದೇ ಕೆಮ್ಮು.
ಗಾಳ ಬಿಟ್ಟು ಕೂತದ್ದೇ ಕೂತದ್ದು,
ಕೊನೆಗೆ ದಾರ ಜಗ್ಗಿ ಮೇಲೆ ಬಂದದ್ದಕ್ಕೆ
ಇವರು ವೈಟಿಂಗ್ ಅನ್ನುತ್ತಾರೆ.
ನನಗೆ ಮೂತಿ ಕಂಡದ್ದೇ ಗೊತ್ತಾಯಿತು,
ಕಾಣೆ!
ಮೈಗೆಲ್ಲ ಚುಕ್ಕೆ ಇಡಿಸಿಕೊಂಡು ಕೂತ
ನಮ್ಮ ಕಾಣೆಯ ದೊಡ್ಡಮ್ಮನ ಮಗಳು.

ಪಟ್ಟಿಯ ಮೇಲಿಟ್ಟು ಅಳೆದ. ಇಪ್ಪತ್ತೇಳು ಸೆಂಟಿಮೀಟರಿಗೆ
ಕೂದಲೆಳೆ ಕಮ್ಮಿಯಾದರೂ ವಾಪಸು ನೀರಿಗೆ.
ಮೂವತ್ತಿತ್ತು.
ನಿಮ್ಮಲ್ಲಿ ಏನನ್ನುತ್ತೀರಿ, ಕೇಳಿದ.
ಕಾಣೆ, ಅಂದೆ. ಕಳೆದುಹೋದದ್ದಕ್ಕೂ ಅದೇ ಮಾತು.
‘ಹಿಡಿದ ಮೇಲೂ ಕಳೆದದ್ದೇ?’ ಅಂತ
ತಲೆ ಹಿಂದಕ್ಕೆ ಹಾಕಿ ನಕ್ಕ,
ನಗುತ್ತ ದೋಣಿಯಂಚಿಗೆ ಬಾಗಿ ಕೆಮ್ಮಿದ,
ಗುಲಾಬಿ ಬಣ್ಣದ್ದೇನೋ ಬಿಸಿಲಲ್ಲೊಮ್ಮೆ ಮಿಂಚಿ
ಪುಳಕ್.

ಹದಿನಾಲ್ಕು ಹಲ್ಲು, ಎ-ಮೂರು.

ಇಬ್ಬರೂ ನೀರು ನೋಡುತ್ತ ಕೂತೆವು.
ಅಕ್ರಿಲಿಕ್ಕಿಗೆ ಹುಳ ಹಿಡಿಯುವುದಿಲ್ಲ.
ಮರಳು ಬಂದು ಮುಚ್ಚುತ್ತದೆ, ಮರಳ ಮೇಲೆ ಮರಳು,
ಯಾವುದೋ ಇಳಿತಕ್ಕೆ ಯಾವುದೋ ಬೆನ್ನು ಬಗ್ಗೀತು
(ಬೆನ್ನೆಂಬುದು ಆಗ ಇದ್ದರೆ),
ಎತ್ತಿ ತಿರುಗಿಸಿ ನೋಡೀತು:
ಏನು ತಿನ್ನುತ್ತಿತ್ತಪ್ಪ ಈ ಪ್ರಾಣಿ, ಗರಗಸವೇ ಇಲ್ಲ.
ಒಳಬದಿಗೆ ನಾನು ಕೊರೆದ ಅಂಕಿ ಇದೆ, ೪೦೧೭.
ಅದನ್ನು ಏನೆಂದು ಓದೀತೋ.

ಮಧ್ಯಾಹ್ನ ಅವನ ಅಡುಗೆಮನೆ. ಲಿಂಬೆ ಅವನದು, ಮೆಣಸಿನ ಹುಡಿ ನನ್ನದು.
ಕಾಣೆಗೆ ಹಲ್ಲು ಬೇಕಿಲ್ಲ, ಒಸಡು ಸಾಕು.
ಹೊಸದಕ್ಕೆ ಸ್ವಲ್ಪ ಗರಗಸ ಇಡು ಅಂದ,
ಸಕಾರವೆಲ್ಲ ಬರೀ ಗಾಳಿಯಾಗಿ ಬಂತು.

ಇಳಿತ ಮತ್ತೆ ಬೆಳಗಿಗೆ ಬೀಳುವುದು ಹದಿನೈದು ದಿನಕ್ಕೆ.
ಮೊಟ್ಟೆಯ ಪೆಟ್ಟಿಗೆಯಲ್ಲಿ ಎರಡು ಗುಳಿ ಖಾಲಿ ಬಿಟ್ಟಿದ್ದೇವೆ,
ಒಂದರಲ್ಲಿ ದವಡೆ ಹಿಡಿಸುವುದಿಲ್ಲ.