ನೂರ ಹದಿನೇಳು

ವಾಲ್ಪರಾಯ್ಸೊದ ಗುಡ್ಡದಲ್ಲಿ, ನೂರ ಅರವತ್ತೆರಡನೆಯ ಮೆಟ್ಟಿಲ ಪಕ್ಕ
ಎಲಿಸೆಯೊ ಬಾರಿಯೆಂಟೋಸನ ಮನೆ.
ಬಂದರಿನ ಟೆಲಿಫೋನ್ ಕಚೇರಿಯಲ್ಲಿ ದುಡಿದವನು.
ಐವತ್ತಕ್ಕೆ ಕಣ್ಣು ಹೋಯಿತು, ಮೆಟ್ಟಿಲು ಹೋಗಲಿಲ್ಲ:
ಎಲ್ಲಿ ತಿರುವು, ಎಲ್ಲಿ ಕಂಬಿಗೆ ತುಕ್ಕು,
ಎಲ್ಲ ಕಾಲಿಗೆ ಬಾಯಿಪಾಠ.

ನಾನು ಮಾರಿಸೆಲ್. ಗ್ರಂಥಾಲಯದ ಹಿಂಗೋಣೆಯಲ್ಲಿ
ಪುಸ್ತಕಗಳನ್ನು ಕಿವಿಗೆ ಹದಮಾಡುವ ಕೆಲಸ.
ಅವನ ಫೋನು ಬಂದದ್ದು ಸೋಮವಾರ. ನಮಸ್ಕಾರವೂ ಇಲ್ಲ:
"ಮಗಳೇ, ಹಡಗು ಮುಳುಗಿದ ಕಥೆ ಕಳಿಸಿದ್ದೀಯ.
ಎಚ್ ಒತ್ತಿದರೆ ಯಂತ್ರ ಹೇಳುತ್ತದೆ, ಮುಂದೆ ತಲೆಬರಹವಿಲ್ಲ.
ಹಿಂದಕ್ಕೆ ಒತ್ತಿದರೆ, ಹಿಂದೆಯೂ ಇಲ್ಲ.
ನಾಲ್ಕುನೂರು ಪುಟ, ಒಂದೇ ಉಸಿರು.
ತಲೆಬರಹವಿಲ್ಲದ ಪುಸ್ತಕದ ಹಣೆಬರಹ ನೀನೇ ಹೇಳು."

ಇದೆಯಲ್ಲ, ಅಂದೆ. ದಪ್ಪಕ್ಷರದಲ್ಲಿ, ನಟ್ಟನಡುವೆ,
ಮೇಲೂ ಕೆಳಗೂ ಜಾಗ ಬಿಟ್ಟು...
ಹೇಳುತ್ತ ಹೇಳುತ್ತ ನಾಲಿಗೆ ಕಚ್ಚಿಕೊಂಡೆ.
ಗೋಡೆಯ ಮೇಲೆ ಬಾಗಿಲಿನ ಚಿತ್ರ ಬರೆದು
ಒಳಗೆ ಬನ್ನಿ ಅಂದಹಾಗಾಯಿತು.

ನಮ್ಮ ಸ್ಪ್ಯಾನಿಶ್‌ನಲ್ಲಿ ಎಚ್‌ಗೆ ದನಿಯಿಲ್ಲ.
ಬರೆಯುತ್ತೇವೆ, ನುಡಿಯುವುದಿಲ್ಲ.
ಅಧ್ಯಾಯದಿಂದ ಅಧ್ಯಾಯಕ್ಕೆ
ಅವನ ಕೈಹಿಡಿದು ದಾಟಿಸಬೇಕಾದದ್ದು ಅದೇ ಅಕ್ಷರ.

ಆ ವಾರ ಪರದೆ ಆರಿಸಿ ಕೇಳಿದೆ, ನಾನೇ ಕಟ್ಟಿದ್ದನ್ನು.
"ನಾವಿಕನ ಹೆಂಡತಿ ಬಾಗಿಲು ತೆರೆದಾಗ ನೂರ ಹದಿನೇಳು ಯಾರೂ ಇರಲಿಲ್ಲ."
"ಅವನ ಜೇಬಿನಲ್ಲಿದ್ದ ಫೋಟೋ: ಚಿತ್ರ ಸೊನ್ನೆ ನಾಲ್ಕು ಚುಕ್ಕಿ ಜೆಪಿಜಿ."
ಅಡಿಟಿಪ್ಪಣಿಯೊಂದು ಕರೆಯದ ನೆಂಟನಂತೆ ವಾಕ್ಯದ ನಡುವೆ ಕೂತು
ಆ ಕಾಲದ ಸುಂಕದ ದರ ಹೇಳತೊಡಗಿತು.

ಒಂದೊಂದೇ ಮೆಟ್ಟಿಲು ಕಡಿದೆ.
ಭಾಗಕ್ಕೆ ಒಂದನೆಯ ಹಂತ, ಅಧ್ಯಾಯಕ್ಕೆ ಎರಡು,
ಬಿರುಗಾಳಿಯ ರಾತ್ರಿಗಳಿಗೆ ಮೂರು.
ಟಿಪ್ಪಣಿಗಳನ್ನು ಕೊನೆಗೆ ಕಳಿಸಿ, ಹೋಗಿಬರಲು ದಾರಿಯಿಟ್ಟೆ.
ಪುಟದ ಅಂಕಿಗಳ ಬಾಯಿ ಕಟ್ಟಿದೆ.
ಫೋಟೋಕ್ಕೆ ಬರೆದೆ: ಹೆಂಗಸು, ಬಲಗೈಯಲ್ಲಿ ಮೀನಿನ ಬುಟ್ಟಿ, ನಗುತ್ತಿಲ್ಲ.
ಆ 'ನಗುತ್ತಿಲ್ಲ'ಕ್ಕೆ ಒಂದಿಡೀ ಮಧ್ಯಾಹ್ನ ಹಿಡಿಯಿತು.

ಸಿಕ್ಕಿಕೊಂಡದ್ದು ಇನ್ನೂರ ಮೂರನೆಯ ಪುಟದಲ್ಲಿ.
ನಾವಿಕ ಸಾಯುತ್ತಾನೆ. ಆಮೇಲೆ ಒಂದು ಖಾಲಿ ಸಾಲು.
ಆಮೇಲೆ, ಬೆಳಿಗ್ಗೆ, ರೊಟ್ಟಿಯವನು ಬರುತ್ತಾನೆ.
ಕಣ್ಣಿಗೆ ಅಷ್ಟು ಬಿಳುಪು ಸಾಕು. ಯಂತ್ರಕ್ಕೆ ಬಿಳುಪು ಗೊತ್ತಿಲ್ಲ,
ಸಾವನ್ನೂ ರೊಟ್ಟಿಯನ್ನೂ ಒಂದೇ ತಟ್ಟೆಗೆ ಬಡಿಸುತ್ತದೆ.

ಕೇಳಿದೆ: ಇಲ್ಲಿ ಏನಿಡಲಿ? ಮೂರು ನಕ್ಷತ್ರ?
"ಬೇಡ. ಹೆಣದ ಮುಂದೆ ನಿಂತು ನಕ್ಷತ್ರ ನಕ್ಷತ್ರ ನಕ್ಷತ್ರ ಅನ್ನುತ್ತದೆ."
ಗಂಟೆಯ ಸದ್ದು?
"ಇಗರ್ಜಿಯೇನು ಇದು?"
ಸುಮ್ಮನಾದ. ಫೋನಿನಲ್ಲಿ ಅವನ ಕಿಟಕಿ, ಒಂದು ನಾಯಿ,
ಕೆಳಗೆಲ್ಲೋ ಬಂದರಿನ ಕ್ರೇನು.
"ಇಷ್ಟು," ಅಂದ. "ಇಷ್ಟೇ ಹೊತ್ತು."

ನಾನು ಗಡಿಯಾರ ನೋಡಿರಲಿಲ್ಲ.
ಅಂದಾಜಿಗೆ ಆರು ಸೆಕೆಂಡು ಮೌನ ಇಟ್ಟು ಕಳಿಸಿದೆ.

ಶುಕ್ರವಾರ ಮತ್ತೆ ಅವನೇ. "ಮೌನ ಒಂದು ಚೂರು ಉದ್ದ. ಇರಲಿ.
ಆದರೆ ಆ ನೂರ ಹದಿನೇಳು ಎಲ್ಲಿ ಹೋಯಿತು?
ಅವಳ ಮನೆಯ ನಂಬರು ಅಂದುಕೊಂಡಿದ್ದೆನಲ್ಲ ನಾನು."