ಟೊಳ್ಳು ನೆಲ

ತಾರ್ಕ್ವೀನಿಯಾದ ಗುಡ್ಡದ ಮೇಲೆ, ಗೋದಿ ಕೊಯ್ದ ಬಯಲಲ್ಲಿ
ಅಲ್ಲಲ್ಲಿ ಹೆಂಚಿನ ಗೂಡುಗಳು. ದೂರದಿಂದ ಕಂಡರೆ
ಪಂಪ್‌ಸೆಟ್ಟಿನ ಕೋಣೆ ಅನ್ನಬೇಕು.
ಒಳಗೆ ಮೆಟ್ಟಿಲು, ಕಡಿದಾದದ್ದು. ಕೊನೆಗೆ ಗಾಜಿನ ಬಾಗಿಲು.
ಗುಂಡಿ ಒತ್ತಿದರೆ ದೀಪ;
ಒಂದು ನಿಮಿಷ ಉರಿದು ತಾನೇ ಆರುತ್ತದೆ.

ಆ ಒಂದು ನಿಮಿಷದಲ್ಲಿ
ಜೋಡಿಕೊಳಲು ಊದುವವನ ಕೆನ್ನೆ ಉಬ್ಬುತ್ತದೆ,
ಕುಣಿಯುವವಳ ಸೆರಗು ಅವಳಿಗಿಂತ ಮುಂದೆ ಹೋಗುತ್ತದೆ.
ಒರಗುದಿಂಬಿಗೆ ಮೊಣಕೈ ಕೊಟ್ಟ ಗಂಡ
ಎರಡು ಬೆರಳಲ್ಲಿ ಮೊಟ್ಟೆಯೊಂದನ್ನು ಎತ್ತಿ ಹಿಡಿದಿದ್ದಾನೆ.
ಪಕ್ಕದ ಹೆಂಡತಿಗೋ, ಮೆಟ್ಟಿಲಿಳಿದು ಬಂದ ನಮಗೋ
ತಿಳಿಯುವ ಮೊದಲೇ ಕತ್ತಲು.

ಸೆತ್ತೀಮಿಯೋ ಇಲ್ಲಿ ಕಾವಲುಗಾರ, ಮೂವತ್ತೊಂದು ವರ್ಷದಿಂದ.
ಬಂದವರೆಲ್ಲ ಅವನಿಗೇ ಕತೆ ಹೇಳಿ ಹೋಗುತ್ತಾರೆ.
ಲ್ಯೂಬೆಕ್‌ನ ಮೇಷ್ಟ್ರು: ಇವರು ಕಡಲಾಚೆಯಿಂದ ಬಂದವರು.
ಫ್ಲಾರೆನ್ಸಿನ ವಕೀಲ: ಎಲ್ಲಿಂದಲೂ ಬಂದಿಲ್ಲ, ಇಲ್ಲಿಯ ಮಣ್ಣೇ.
ಕಪ್ಪು ಕೋಟಿನ ಹೆಂಗಸೊಬ್ಬಳು ಹನ್ನೊಂದು ಸಲ ಗುಂಡಿ ಒತ್ತಿದಳು,
ಏನೂ ಹೇಳಲಿಲ್ಲ.
ಎಲ್ಲರಿಗೂ ಅವನದು ಒಂದೇ ಮಾತು:
ಇರಬಹುದು. ಹತ್ತುವಾಗ ತಲೆ ಜೋಪಾನ.

ಅಕ್ಷರ ಓದಬಹುದು, ಬಲದಿಂದ ಎಡಕ್ಕೆ,
ಕನ್ನಡಿಯೊಳಗಿನ ಅಂಗಡಿ ಬೋರ್ಡಿನ ಹಾಗೆ.
ಅರ್ಥ ಮಾತ್ರ ಅಲ್ಲೊಂದು ಇಲ್ಲೊಂದು.
ಅವಿಲ್ ಅಂದರೆ ವರ್ಷ. ಪುಯಾ, ಹೆಂಡತಿ.
ಕ್ಲಾನ್ ಅಂದರೆ ಮಗ. ಲುಪು, ಸತ್ತ.
ಇಷ್ಟರಲ್ಲೇ ಒಂದು ಸಂಸಾರ ತೂಗಿಸಬಹುದಲ್ಲ, ಅನ್ನುತ್ತಾನೆ ಸೆತ್ತೀಮಿಯೋ.
ನಗುವಿಗೆ ಏನೆನ್ನುತ್ತಿದ್ದರೋ ಗೊತ್ತಿಲ್ಲ.
ಬರೆದಿಡಲು ಪುರುಸೊತ್ತಿರಲಿಲ್ಲ, ನಗುತ್ತಿದ್ದರು.

ಅವನ ಅಜ್ಜ ದೂಯಿಲಿಯೋ ಗೋರಿಗಳ್ಳ.
ಚಂದ್ರನಿಲ್ಲದ ರಾತ್ರಿ ಕಬ್ಬಿಣದ ಸರಳು ಇಳಿಸಿ
ಕಲ್ಲಂಗಡಿ ತಟ್ಟಿ ಕೇಳುವಂತೆ ನೆಲವನ್ನು ಕೇಳುತ್ತಿದ್ದ.
ಒಮ್ಮೆ ತೂತಿನಿಂದ ಲಾಟೀನು ಇಳಿಬಿಟ್ಟನಂತೆ:
ಗೋಡೆ ತುಂಬ ಕೆಂಪು, ಈಗಷ್ಟೇ ಬಳಿದ ಹಾಗೆ ಹಸಿಹಸಿ.
ಗಾಳಿ ಸೋಕಿತು. ಕಣ್ಣೆದುರೇ ಬಣ್ಣ ಬಿಳಿಚಿತು,
ಹೇಳಿಬಿಟ್ಟ ಗುಟ್ಟಿನ ಹಾಗೆ.
ಆಮೇಲೆ ಅಜ್ಜ ಸರಳು ಮುಟ್ಟಲಿಲ್ಲ: ಇದು ಅಜ್ಜಿಯ ಮಾತು.
ಎರಡು ಹೂಜಿ ಮಾರಿ ಕತ್ತೆ ಕೊಂಡ: ಇದು ಊರಿನ ಮಾತು.

ಸೋಮವಾರ ರಜೆ.
ಸೆತ್ತೀಮಿಯೋ ಊರುಗೋಲು ಹಿಡಿದು
ಬೇಲಿಯಾಚೆ ತಮ್ಮನ ಹೊಲದಲ್ಲಿ ನಡೆಯುತ್ತಾನೆ.
ಟಕ್. ಟಕ್. ಟಕ್.
ಡುಬ್.

ನಿಂತ. ನನ್ನ ಮುಖ ನೋಡಿದ. ಏನೂ ಹೇಳಲಿಲ್ಲ;
ಹೇಳಿದ್ದು ಕೋಲು.
ಇನ್ನು ಯಾರ ಕಿವಿಗಾದರೂ ಬಿದ್ದರೆ ಇಲ್ಲೂ
ಗಾಜಿನ ಬಾಗಿಲು, ಗುಂಡಿ, ಒಂದು ನಿಮಿಷ.

ಅಲ್ಲೇ ಕೂತು, ಕಾಗದ ಬಿಚ್ಚಿ,
ಬೇಯಿಸಿದ ಮೊಟ್ಟೆ ಸುಲಿಯುತ್ತಾನೆ.
ಉಪ್ಪಿನ ಪೊಟ್ಟಣ ಮರೆತು ಬಂದಿದ್ದಾನೆ, ತನ್ನನ್ನೇ ಬೈದುಕೊಳ್ಳುತ್ತಾನೆ.
ಆಮೇಲೆ ಎರಡು ಬೆರಳಲ್ಲಿ ಅದನ್ನೆತ್ತಿ
ಬಿಸಿಲಿಗೆ ಹಿಡಿಯುತ್ತಾನೆ,
ಸಿಪ್ಪೆಯ ಚೂರೇನಾದರೂ ಉಳಿದಿದೆಯೋ ನೋಡಲು.